ನ್ಯಾನ್ಯಾ

ಬೆಳಗಿನ ನಾಲ್ಕಕ್ಕೆ ಕೋಲಾರದ ಮಂಡಿಯಲ್ಲಿ
ಬಾಕ್ಸು ಇಳಿಸುತ್ತ ಬಾಯಿಗೆ ಬಂತು: ನ್ಯಾನ್ಯಾ.
ಹಮಾಲಿ ನಾರೆಪ್ಪ ತಿರುಗಿ ನೋಡಿದ,
‘ಏನಣ್ಣೋ, ಬೈತೀಯಾ?’

ಬೈಗುಳ ಅಲ್ಲಪ್ಪೋ,
ಅರೂಷಾದಲ್ಲಿ ಟೊಮೆಟೊಗೆ ಹಂಗಂತಾರೆ.
ಅಜ್ಜಿಗೂ ಹಂಗೇ ಅಂತಾರೆ.

ಅಲ್ಲಿ ಮೊದಲ ವರ್ಷ ನನ್ನ ಹತ್ತಿರ ಇದ್ದದ್ದು
ಹಿಡಿ ಮಾತು: ನೀರು, ಉಪ್ಪು, ಎಷ್ಟು, ಬೇಡ.
ಮನೆಯ ತೆಲುಗು, ಶಾಲೆಯ ಕನ್ನಡ, ಮಂಡಿಯ ತಮಿಳು
ಮೂರನ್ನೂ ಒಂದೇ ಉಸಿರಲ್ಲಿ ಮಗುಚುತ್ತಿದ್ದ ನಾಲಿಗೆ
ಕಂಕುಳ ಕೂಸಿನ ಹಾಗೆ ತೊದಲುತ್ತಿತ್ತು.

ಮುನಿವೆಂಕಟಮ್ಮ ಹೋದಳೆಂದು ಊರಿಂದ ಫೋನು ಬಂದ ದಿನ
ಸಂತೆಯ ಮಾಮಾ ನೀಮಾಗೆ
(ಅಲ್ಲಿ ಮಾಮಾ ಅಂದರೆ ಅಮ್ಮ)
ಹೇಳಿದೆ: ನ್ಯಾನ್ಯಾ ಹಕುನಾ.
ಅಜ್ಜಿ ಇಲ್ಲ.

‘ಜಿಪೋ, ಜಿಪೋ!’ ಇವೆಯಲ್ಲ, ಎಂದು
ಎರಡು ಕೆಂಪು ಹಣ್ಣು ಸೆರಗಿಗೆ ಒರೆಸಿ ಕೈಗಿಟ್ಟಳು.
ಈಸಿಕೊಂಡೆ. ಅಲ್ಲೇ ಕೂತೆ.
ಎಷ್ಟೋ ಹೊತ್ತಾದ ಮೇಲೆ
ಅವಳು ತಕ್ಕಡಿ ಕೆಳಗಿಟ್ಟು ಅಂದಳು,
ಪೋಲೆ.
ಆ ಪದದ ಅರ್ಥ ನಾನು ಕೇಳಲಿಲ್ಲ.

ನಾರೆಪ್ಪ ಇನ್ನೂ ನಗುತ್ತಿದ್ದಾನೆ:
‘ಹಂಗಾದ್ರೆ ಇವತ್ತು ಅಜ್ಜಿ ಬಾಕ್ಸಿಗೆ ಎಷ್ಟಣ್ಣ?’
ಹರಾಜು ಇನ್ನೂ ಕೂಗಿಲ್ಲ, ಅಂದೆ.
ಒಂದು ಹಣ್ಣು ಉರುಳಿತ್ತು ಕಾಲಡಿಗೆ,
ಎತ್ತಿಕೊಂಡೆ.