ಕಣ

ಈ ಕಾಲು ನನಗೆ ಗೊತ್ತು.
ಹನ್ನೊಂದು ವರ್ಷ ಸುತ್ತಿದ್ದೇನೆ ಪಟ್ಟಿ ಇದಕ್ಕೆ,
ಆಟಕ್ಕೆ ಗಂಟೆ ಮೊದಲು, ಮರದ ಮೇಜಿನ ಮೇಲೆ.
ಹಿಮ್ಮಡಿ ಹಿಡಿದು ಮೇಲೆ, ಹರಡು ಬಳಸಿ ಕೆಳಗೆ,
ಆರು ಸುತ್ತು, ಕೊನೆಯದನ್ನು ಹಲ್ಲಲ್ಲಿ ಹರಿಯುವುದು.
ಮುಖ ಸುಳ್ಳು ಹೇಳಿದರೂ ಹರಡಿನ ಬಾವು ಹೇಳುತ್ತದೆ
ರಾತ್ರಿ ಯಾವ ಮಗ್ಗುಲಲ್ಲಿ ಮಲಗಿದ್ದನೆಂದು.

ಎಲ್ಪಿದಿಯೊ ಮಗ್ಬಾನುವ. ಅಂಗಿಯ ಸಂಖ್ಯೆ ಮೂವತ್ತೊಂದು.
ಎತ್ತರ ಆರಡಿ ಎಂದು ಬರೆದಿದೆ ಕಾಗದದಲ್ಲಿ;
ಅಳೆಯುವಾಗ ಕಾಲುಚೀಲದೊಳಗೆ ಹತ್ತಿ ತುರುಕಿದವನು ನಾನು.

ಕಾಲು ಚಾಚಿ ಕೂತು ಹೇಳುತ್ತಿದ್ದ:
ಪನಾಯ್ ದ್ವೀಪ, ಪೊತೊತಾನ್ ಆಚೆ ಅವನ ಬೀದಿ,
ಇಡೀ ಬೀದಿಗೆ ಒಂದೇ ಸಿಮೆಂಟು ಅಂಗಳ.
ಎರಡು ತುದಿಗೂ ಸರಳು ಬಗ್ಗಿಸಿದ ಬಳೆ,
ಹಲಗೆಯ ಮೇಲೆ ಚುನಾವಣೆಗೆ ನಿಂತು ಸೋತವನ ಹೆಸರು.
ಸುಗ್ಗಿಯಲ್ಲಿ ಆಟವಿಲ್ಲ ಅಲ್ಲಿ.
ಅಂಚಿನಿಂದ ಅಂಚಿಗೆ ಭತ್ತ ಒಣಗುತ್ತದೆ,
ಹುಡುಗರು ಗೆರೆಯಾಚೆ ಕೂತು
ಕೋಳಿ ಅಟ್ಟುತ್ತಾ ಬಿಸಿಲು ಇಳಿಯುವುದನ್ನು ಕಾಯಬೇಕು.
ಅವ್ವ ಬರಿಗಾಲಲ್ಲಿ ಕಾಳು ಸರಿಸುತ್ತಾ ನಡೆದರೆ
ಮೂರು ಅಂಕದ ಗೆರೆ ಒಮ್ಮೆ ಏಳುತ್ತದೆ,
ಒಮ್ಮೆ ಮುಳುಗುತ್ತದೆ.
ಸುಗ್ಗಿಯ ಕಣವೂ ಅದೇ, ಕಾದುವ ಕಣವೂ ಅದೇ.
ಸಂಜೆ ಗುಡಿಸಿ ಚೀಲ ಹೊಲಿದ ಮೇಲೆ
ಉಳಿದ ನಾಲ್ಕು ಕಾಳು ಹವಾಯಿ ಚಪ್ಪಲಿಯಡಿ ಉರುಳಿ
ಕಾಲು ಜಾರುತ್ತದೆ.
"ಅಲ್ಲೇ ಕಲಿತೆ, ಮಾಂಗ್ ಸೆಲ್ಸೊ,
ನೆಲವನ್ನು ನಂಬದೆ ತಿರುಗೋದು."

ನಮ್ಮ ಲೀಗಿನಲ್ಲಿ ತಂಡಕ್ಕೆ ಊರಿಲ್ಲ, ಸಾಮಾನಿದೆ.
ಬಂದ ವರ್ಷ ಅವನ ಎದೆಯ ಮೇಲೆ ಹಾಲಿನ ಪುಡಿ.
ಮಾಲೀಕರು ವ್ಯಾಪಾರ ಬದಲಿಸಿದರು: ಗೋಡೆಯ ಬಣ್ಣ.
ಆಮೇಲೆ ಹಂದಿಯ ಮೇವು.
ಆ ವರ್ಷ ಗ್ಯಾಲರಿ ತುಂಬ ಗುಟುರು ಹಾಕುತ್ತಿದ್ದರು,
ಅವನು ಆಟಕ್ಕೆ ಹದಿನಾಲ್ಕು ಅಂಕ ಹಾಕುತ್ತಿದ್ದ.
ಊರಿಂದ ಅವ್ವನ ಫೋನು:
"ಈ ಸಲ ಏನು ಮಾರ್ತಾ ಇದೀಯ, ಮಗ?"

ಮದುವೆಯಾದ. ಮೊಣಕಾಲು ಕೊಯ್ಯಿಸಿಕೊಂಡ.
ತಂಗಿಯ ನರ್ಸಿಂಗ್ ಫೀಸು, ತಮ್ಮನ ಟ್ರೈಸಿಕಲ್,
ಎರಡು ಮನೆಗೆ ತಗಡು.
ಅಮೆರಿಕದಿಂದ ಬಂದ ಏಳಡಿಯ ಆಳುಗಳು
ಮೂರು ತಿಂಗಳು ಆಡಿ ಹೋಗುತ್ತಿದ್ದರು,
ಅವರ ಬೆವರು ನೆಲಕ್ಕೆ ಬಿದ್ದಲ್ಲೆಲ್ಲ ಇವನು
ಚೆಂಡಿಗಾಗಿ ಬೋರಲು ಬೀಳುತ್ತಿದ್ದ.

ಆ ಏಳನೇ ಪಂದ್ಯ ಮಾತ್ರ ಬೇಡ ಅಂದುಕೊಳ್ಳುತ್ತೇನೆ.
ಬರುತ್ತದೆ.
ಒಂದು ಅಂಕ ಹಿಂದೆ, ನಾಲ್ಕು ಸೆಕೆಂಡು, ಎರಡು ಫ್ರೀ ಥ್ರೋ.
ಹದಿನಾರು ಸಾವಿರ ಜನ ಉಸಿರು ಹಿಡಿದು
ಅವನ ಕೈ ನೋಡುತ್ತಿದ್ದರು.
ನಾನು ಕಾಲು ನೋಡುತ್ತಿದ್ದೆ.
ಎಡಗಾಲಿನ ಪಟ್ಟಿ ಬಿಟ್ಟುಕೊಂಡಿತ್ತು,
ನಾಯಿಯ ನಾಲಿಗೆಯ ಹಾಗೆ ಬೂಟಿನಿಂದ ಹೊರಗೆ.
ಮೊದಲನೆಯದು ಬಳೆ ಸುತ್ತಿ ಆಚೆ ಬಿತ್ತು.
ಎರಡನೆಯದು ಬಳೆಗೂ ತಾಗಲಿಲ್ಲ.

ಅವತ್ತು ಸುರುಳಿ ಮುಗಿದಿತ್ತು.
ಹೊಸದು ತರಲು ಮೆಟ್ಟಿಲಿಳಿಯಲು ಸೋಮಾರಿತನ,
ಐದೇ ಸುತ್ತು ಹಾಕಿ ಬೆನ್ನು ತಟ್ಟಿ ಕಳಿಸಿದ್ದೆ.
ಪತ್ರಿಕೆಯವರು ಅವನ ಎದೆಗಾರಿಕೆ ಅಳೆದು ಬರೆದರು.
ನಾನು ಯಾರಿಗೂ ಹೇಳಲಿಲ್ಲ.

ಇವತ್ತು ಕೊನೆಯ ಆಟ. ವಯಸ್ಸು ಮೂವತ್ತೇಳು.
ಏಳು ಸುತ್ತು ಹಾಕಿದೆ.
"ಇಷ್ಟು ಬಿಗಿ ಯಾಕೆ? ಎರಡು ನಿಮಿಷ ಕೊಟ್ಟರೆ ಹೆಚ್ಚು."
ಬಾಯಿಗೆ ಬಂದ ಮಾತು
ಪಟ್ಟಿಯ ಜೊತೆ ಹಲ್ಲಲ್ಲಿ ಹರಿಯಿತು.
"ಇರಲಿ," ಅಂದೆ.

ಎರಡು ನಿಮಿಷವೂ ಕೊಡಲಿಲ್ಲ.
ಬೆಂಚಿನ ತುದಿಯಲ್ಲಿ ಟವೆಲು ಮಡಿಸುತ್ತಾ, ಬಿಚ್ಚುತ್ತಾ
ಹುಡುಗರಿಗೆ ನೀರು ದಾಟಿಸಿದ.

ಕತ್ತರಿ ಹಾಕಿದೆ.
ಹನ್ನೊಂದು ವರ್ಷದಲ್ಲಿ ಮೊದಲ ಸಲ ಒಣಗಿದ ಪಟ್ಟಿ,
ಬೆವರಿಲ್ಲದೆ, ಬೆಳ್ಳಗೆ,
ಕಾಲಿನ ಆಕಾರದಲ್ಲೇ ಕಳಚಿ ಬಂದು
ಮೇಜಿನ ಮೇಲೆ ತಾನೇ ನಿಂತಿತು.

ಬರಿಗಾಲು ನೆಲಕ್ಕಿಟ್ಟು ಬೆರಳು ಬಿಡಿಸಿದ.
ಊರಲ್ಲಿ ಕೊಯ್ಲಂತೆ. ನಾಳೆ ಇಲೊಯಿಲೊ ಹಡಗು.
"ಅವ್ವನಿಗೆ ಮೊಣಕಾಲು ನೋವು," ಅಂದ,
"ಕೋಳಿ ಅಟ್ಟೋಕೆ ಆಳು ಬೇಕಂತೆ."