ಎರಡನೆಯ ಪುಸ್ತಕ

ಜನವರಿ ಒಂದರ ಮಧ್ಯಾಹ್ನ ಹನ್ನೆರಡರೊಳಗೆ ಚೀಟಿ ಕೊಡಬೇಕು.
ಹನ್ನೆರಡೂ ಐದಕ್ಕೆ ತಂದರೆ ಮುಟ್ಟುವುದಿಲ್ಲ,
ಹಾಗಂತ ನಿಯಮ. ಫರ್ಕರ್ ಪ್ರತಿ ಸಲ ಹನ್ನೆರಡೂ ಕಾಲಿಗೆ ಬರುತ್ತಾನೆ,
ಗಡ್ಡದಲ್ಲಿ ರಾತ್ರಿಯ ವಿಸ್ಕಿ, ಕೈಯಲ್ಲಿ ಒದ್ದೆ ಲಕೋಟೆ.
ನಾನು ಗಡಿಯಾರಕ್ಕೆ ಬೆನ್ನು ಮಾಡಿ ನಿಂತಿರುತ್ತೇನೆ.

ಆರ್ಬ್ರೋತ್ ಬಂದರಿನ ಹಿಂದೆ ನನ್ನ ಹೊಗೆಮನೆ.
ಹ್ಯಾಡಕ್ ಮೀನಿಗೆ ಜೋಡಿ ಜೋಡಿ ಬಾಲ ಕಟ್ಟಿ
ಬೀಚ್ ಸೌದೆಯ ಮೇಲೆ ತೂಗುಹಾಕುವುದು ಹೊಟ್ಟೆಪಾಡು;
ಈ ಪಂದ್ಯ ನಡೆಸುವುದು ಚಟ. ಇದು ಹನ್ನೊಂದನೆಯ ವರ್ಷ.
ಐದು ಜನ, ಇಪ್ಪತ್ತಾರು ಆಟ.
ಸರಿ ಹೇಳಿದರೆ ಮೂರಂಕ, ಹತ್ತಿರ ಬಂದರೆ ಒಂದು.
ಹತ್ತಿರ ಅಂದರೆ ಎಷ್ಟು ಹತ್ತಿರ? ಇದೊಂದಕ್ಕೇ
ಸ್ನೇಹ ಎರಡು ಸಲ ಮುರಿದು ಕೂಡಿದೆ.

ಚಳಿಗೆ ಡಾರ್ಟ್ಸ್, ರಗ್ಬಿ, ಮಂಜಿನ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್;
ಏಪ್ರಿಲ್‌ನಲ್ಲಿ ಬೇಲಿ ಹಾರುವ ಕುದುರೆಗಳು;
ಜುಲೈ ಪೂರ್ತಿ ಸೈಕಲ್ಲು. ಆಗ ಮರ್ಡೊಗೆ
ಬಸ್ಸು ಓಡಿಸುವಾಗಲೂ ಬೆಟ್ಟದ ಏರು ಕಾಣುತ್ತದಂತೆ,
ಊರಲ್ಲಿ ಬೆಟ್ಟವೇ ಇಲ್ಲ.
ಸ್ಕೀ ಜಂಪ್ ಬೇಕೇ ಬೇಕೆಂದು ಟಡೇಯುಷ್ ಮೂರು ವರ್ಷ ಹಟ ಹಿಡಿದ.
ಸೇರಿಸಿದೆ. ಅದರಲ್ಲೇ ಸೊನ್ನೆ ಹೊಡೆದ.

ನಾನು ಆಡುವುದಿಲ್ಲ. ಬಡಿಸುವವಳು ಪಂಕ್ತಿಯಲ್ಲಿ ಕೂರಬಾರದು.
ಆದರೆ ಯಾರಿಗೂ ಹೇಳದ್ದು ಒಂದಿದೆ:
ಓಟ್ಸ್ ಡಬ್ಬಿಯ ಹಿಂದೆ ಇನ್ನೊಂದು ಪುಸ್ತಕ.
ಡಿಸೆಂಬರಿನ ಕೊನೆಯ ರಾತ್ರಿ ಒಬ್ಬಳೇ ಕೂತು
ನಾಳೆ ಯಾರು ಏನು ಬರೆದು ತರುತ್ತಾರೆಂದು
ಪೆನ್ಸಿಲಿನಲ್ಲಿ ಬರೆದಿಡುತ್ತೇನೆ.
ಕುದುರೆಯಲ್ಲ, ಕುದುರೆಯ ಹೆಸರು ಬರೆಯುವ ಕೈ;
ಅದು ನನ್ನ ಪಂದ್ಯ.

ಫರ್ಕರ್ ಎಡಗೈಯವರನ್ನು ಬಿಟ್ಟುಕೊಡುವುದಿಲ್ಲ. ಅವನ ಅಪ್ಪ
ಬೆರಳ ಗಂಟಿಗೆ ಹೊಡೆದು ಹೊಡೆದು ಅವನನ್ನು ಬಲಗೈ ಮಾಡಿದವನು.
ಇಷ್ಬೆಲ್ ಹೋದ ಸಲ ಎರಡನೆಯವರಾದವರನ್ನೇ ಹುಡುಕುತ್ತಾಳೆ.
ಮರ್ಡೊ ಸ್ಕಾಟ್ಲೆಂಡ್ ಎಂದು ಬರೆದು, ಹೊಡೆದು, ಮತ್ತೆ ಬರೆಯುತ್ತಾನೆ.
ಸೆಂಗಾ
ಗೆಲ್ಲುವ ಕುದುರೆಯ ಬಾಲ ಹಿಡಿದವಳೇ ಅಲ್ಲ.
ಒಂದಕ್ಕೆ ನೂರು ಕೊಡುವ ಕುದುರೆ, ಮೊಣಕಾಲು ಕುಯ್ಸಿಕೊಂಡ ಟೆನಿಸ್ ಆಟಗಾರ್ತಿ,
ನಾಲಿಗೆ ಹೊರಳದ ಯಾವುದೋ ದ್ವೀಪದ ಫುಟ್‌ಬಾಲ್ ತಂಡ.
ಹತ್ತು ವರ್ಷವೂ ಕಡೆಯವಳು. ಕಡೆಯವರಿಗೆ ಮರದ ಸೌಟು ಬಹುಮಾನ;
ಅವಳ ಅಡುಗೆಮನೆಯಲ್ಲಿ ಹತ್ತು ಸೌಟು ಸಾಲಾಗಿ ನೇತಾಡುತ್ತವೆ
ನನ್ನ ಮೀನಿನ ಹಾಗೆ.
ಅವಳ ಪುಟ ತುಂಬುವುದು ನನಗೆ ನೀರು ಕುಡಿದಷ್ಟು ಸುಲಭ.

ಈ ವರ್ಷ ಅವಳ ಲಕೋಟೆ ಒಡೆದರೆ
ಇಪ್ಪತ್ತಾರಕ್ಕೆ ಇಪ್ಪತ್ತಾರೂ ಊರೆಲ್ಲ ಗೆಲ್ಲುತ್ತಾರೆನ್ನುವ ಹೆಸರು.
ದುಂಡಗೆ, ಒಂದೂ ತಿದ್ದಿಲ್ಲದೆ.
ನನ್ನ ಗುಟ್ಟಿನ ಪುಸ್ತಕದಲ್ಲಿ ಆ ಸಾಲಿಗೆ ಸೊನ್ನೆ.

ಕೇಳುವಂತಿಲ್ಲ; ಚೀಟಿಯ ಬಗ್ಗೆ ಪ್ರಶ್ನೆ ಕೂಡದೆಂದು ಬರೆದವಳೇ ನಾನು.
ಮಾರ್ಚಿಗೆ ಅವಳು ಮುಂದೆ. ಜೂನಿಗೆ ಒಂಬತ್ತಂಕ ಮುಂದೆ.
ಮರ್ಡೊ ಮುನಿಸಿಕೊಂಡ. ಎರಡನೆಯ ಸ್ಥಾನದಲ್ಲಿ ಇಷ್ಬೆಲ್ ಹಾಯಾಗಿದ್ದಳು.
ಅಂಕ ಹೇಳಲು ಫೋನ್ ಮಾಡಿದರೆ "ಹೌದಾ" ಅನ್ನುವಳು ಸೆಂಗಾ,
ಸೋತಾಗೆಲ್ಲ ನಗು ಕೆಮ್ಮಾಗುವ ತನಕ ನಗುತ್ತಿದ್ದವಳು.

ಸೆಪ್ಟೆಂಬರಿನಲ್ಲಿ ಒಂದು ಜೋಡಿ ಮೀನಿಗೆ ಬಂದಳು.
ಹೊಗೆ ಹತ್ತಿ ಇಬ್ಬರೂ ಕಣ್ಣೊರೆಸಿಕೊಳ್ಳುವಾಗ ತಾನಾಗಿಯೇ ಅಂದಳು:
"ಒಂದು ವರ್ಷ ಯಾರ ಮೇಲೂ ಆಸೆ ಇಡದೆ ನೋಡೋಣ ಅಂತ.
ಗೆಲ್ಲುವವರ ಹೆಸರು ಬರೆಯೋಕೆ ಆಸೆ ಬೇಕಾಗಲ್ಲ ನೋಡು."
ಹೇಗಿದೆ, ಅಂದೆ.
"ನಿದ್ದೆ ಬರುತ್ತೆ," ಅಂದಳು. ಚಿಲ್ಲರೆ ಎಣಿಸಿ,
"ಬರೀ ನಿದ್ದೆ."

ಕಪ್ಪು ಅವಳದೇ ಆಯಿತು. ಸೌಟು ಫರ್ಕರ್ ಪಾಲಿಗೆ;
ಎಡಗೈಯಲ್ಲಿ ಹಿಡಿದು ಇಡೀ ಬೀದಿಗೆ ತೋರಿಸಿದ.

ಈಗ ಡಿಸೆಂಬರಿನ ಕೊನೆಯ ರಾತ್ರಿ.
ಹತ್ತು ಗಂಟೆಯೊಳಗೆ ನಾಲ್ವರ ಪುಟ ಮುಗಿಸಿದೆ.
ಐದನೆಯದು ಖಾಲಿ.
ಸೌದೆ ಕುಸಿದು ಕೆಂಡವಾಗುವ ತನಕ ಕೂತಿದ್ದೆ.
ಆಮೇಲೆ ಏಪ್ರಿಲಿನ ಕುದುರೆಗಳ ಪಟ್ಟಿಯ ತಳದಿಂದ,
ಬಾಯಾಡದ ಒಂದು ಹೆಸರು ಹುಡುಕಿ
ಸೆಂಗಾಳ ಸಾಲಿನಲ್ಲಿ ಬರೆದೆ,
ಶಾಯಿಯಲ್ಲಿ.