ಇನ್ನಾರು ಕುದುರೆ

ಜೂಜುವಾಡಿಯ ಗ್ಯಾರೇಜು. ಶಟರ್ ಅರ್ಧ ಇಳಿದಿದೆ.
ಉಕ್ಕಿನ ಉರುಳೆಗಳ ಮೇಲೆ ಹಿಂಗಾಲೂರಿ ನಿಂತಿದೆ
ಎಂಬತ್ತೊಂಬತ್ತರ ಕಾಂಟೆಸ್ಸಾ.
ನಾಲ್ಕು ಮೂಲೆಗೂ ಪಟ್ಟಿ ಬಿಗಿದಿದ್ದೇವೆ,
ನಮ್ಮಪ್ಪ ಲಾಳ ಕಟ್ಟುವಾಗ ಎತ್ತನ್ನು ಬಿಗಿಯುತ್ತಿದ್ದ ಹಾಗೆ.
ಬಾನೆಟ್ಟಿನ ಕೆಳಗೆ ಅದರದಲ್ಲದ ಎದೆ:
ಜಪಾನಿನ ಗುಜರಿಯಿಂದ ಬಂದ ಆರು ಸಿಲಿಂಡರು, ಟರ್ಬೊ.
ಬಾಗಲೂರಿನ ಪಟಾಲಪ್ಪ ಎರಡು ಫೆಬ್ರವರಿಯ ಗುಲಾಬಿ ದುಡ್ಡನ್ನು
ಪೂರ್ತಿ ಅದರ ಬಾಯಿಗೆ ಸುರಿದಿದ್ದಾನೆ.

ನಾಲ್ಕನೇ ಗೇರು. ಮುಂದೆ ಫ್ಯಾನು. ಹುಡುಗ ಕಾಲೊತ್ತಿದ.
ತಗಡಿನ ಸೂರು ಗುಟುರು ಹಾಕಿತು,
ಪಂಕ್ಚರ್ ಅಂಗಡಿಯ ನಾಯಿ ಎದ್ದು ಹೋಯಿತು.
ಹನ್ನೊಂದು ಸೆಕೆಂಡು. ಆಮೇಲೆ ಪ್ರಿಂಟರಿನ ಕಿರಿಕಿರಿ.

ಇನ್ನೂರ ಇಪ್ಪತ್ತೇಳು.

"ಮುನ್ನೂರು ಅಂದಿದ್ನಲ್ಲಣ್ಣ ಕೊಯಮತ್ತೂರಿನೋನು!"
ಪಟಾಲಪ್ಪ ಹಾಳೆ ತಿರುಗಿಸಿ ನೋಡಿದ,
ಉಳಿದ ಎಪ್ಪತ್ತಮೂರು ಹಿಂಬದಿಗೆ ಇರಬಹುದೆಂಬಂತೆ.

ನಾನು ಮುನಿಯಾಚಾರಿ. ಲಾರಿ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ಎಂಜಿನ್ನುಗಳ ಉಸಿರು ಅಳೆದವನು.
ಎಡಗಿವಿಯನ್ನು ಅಲ್ಲೇ ಬಿಟ್ಟು ಬಂದೆ.
ಹೇಳಿದೆ: ಕೂತ್ಕೋ. ಇದು ಚಕ್ರಕ್ಕೆ ಮುಟ್ಟಿದ ಲೆಕ್ಕ.
ಹೊರಟಾಗ ಮಂದೆ ದೊಡ್ಡದೇ ಇತ್ತು.
ಗೇರ್‌ಬಾಕ್ಸು ಒಂದಿಷ್ಟು ಹಿಡಿದುಕೊಂಡಿತು,
ಡಿಫರೆನ್ಶಿಯಲ್ ತನ್ನ ಪಾಲು,
ಗಾಳಿ ಕಮ್ಮಿಯಿದ್ದ ಟೈರು ಸುಮ್ಮನೆ ಬಿಸಿಯಾಗಿ ಇನ್ನಷ್ಟು.
ದಾರಿಯುದ್ದಕ್ಕೂ ಚೆಕ್‌ಪೋಸ್ಟು.
ಈ ಊರಲ್ಲಿ ಹುಟ್ಟಿದವನಿಗೆ ಬಿಡಿಸಿ ಹೇಳಬೇಕೆ?

"ಹಂಗಾದ್ರೆ ಸೇರ್ಸು."
ನೂರಕ್ಕೆ ಹದಿನೈದು ತಿಂದವೆಂದರೆ, ಇನ್ನೂರ ಅರವತ್ತೇಳು.
"ನಾವು ಎತ್ತರದಲ್ಲಿದ್ದೀವಲ್ಲ, ಗಾಳಿ ತೆಳು."
ಇದನ್ನೂ ಯಾರೋ ಕಲಿಸಿ ಕಳಿಸಿದ್ದಾರೆ.
ಹೌದು, ಕಂಪ್ಯೂಟರಿನಲ್ಲಿ ಒಂದು ಗುಂಡಿ ಇದೆ,
ಹೊಸೂರನ್ನು ಸಮುದ್ರದಂಡೆಗೆ ಇಳಿಸುವ ಗುಂಡಿ.
ಒತ್ತಿದೆ. ಇನ್ನೂರ ತೊಂಬತ್ತನಾಲ್ಕು.

"ಇನ್ನಾರು," ಅಂದ ಪಟಾಲಪ್ಪ, ಮೆಲ್ಲಗೆ,
ಹುಂಡಿಯ ಮುಂದೆ ಚಿಲ್ಲರೆ ತಡಕುವವನ ದನಿಯಲ್ಲಿ.

ಟರ್ಬೊ ತನ್ನ ಗಾಳಿ ತಾನೇ ತುಂಬಿಕೊಳ್ಳುತ್ತೆ ಕಣಪ್ಪ.
ಅದಕ್ಕೂ ಎತ್ತರದ ಬಾಕಿ ಪೂರ್ತಿ ಕೊಟ್ಟರೆ
ಉಂಡವನಿಗೆ ಮತ್ತೆ ಎಲೆ ಹಾಕಿದ ಹಾಗೆ.
ಅಂಕಿ ಬಿಡು, ಗೆರೆ ನೋಡು.
ಕೆಂಪು ಟಾರ್ಕು, ನೀಲಿ ಕುದುರೆ. ಒಂದೇ ಅಳತೆಯಲ್ಲಿ ಬರೆದಾಗ
ಐದು ಸಾವಿರದ ಇನ್ನೂರ ಐವತ್ತೆರಡು ಸುತ್ತಿಗೆ
ಇವು ಒಂದನ್ನೊಂದು ದಾಟಲೇಬೇಕು,
ಬೇರೆಲ್ಲಾದರೂ ದಾಟಿದರೆ ಹಾಳೆ ಸುಳ್ಳು.
ಅಲ್ಲೇ ದಾಟಿವೆ. ಸರಿ.
ಈಗ ಇಲ್ಲಿ, ನಾಲ್ಕೂವರೆ ಸಾವಿರದ ಹತ್ತಿರ, ಉಗುರಿನಷ್ಟು ತಗ್ಗು.
ಗೆರೆಯನ್ನು ನುಣುಪು ಮಾಡಿದರೆ ಮಾಯವಾಗುತ್ತೆ. ನಾನು ಮಾಡಿಲ್ಲ.
ಅಲ್ಲಿ ಪೆಟ್ರೋಲು ಹಿಂದೆ ಬಿದ್ದಿದೆ.
ಎದೆ ಬದಲಿಸಿದೆ, ಗಂಟಲು ಬದಲಿಸಲಿಲ್ಲ, ಅದೇ ಹಳೆಯ ಪಂಪು.
ಒಂದು ದಿನ ಪಿಸ್ಟನ್ ಕರಗುವುದು ಈ ತಗ್ಗಿನಲ್ಲೇ.

ಅವನು ನೋಡಲಿಲ್ಲ ಎನ್ನಲಾರೆ.
ಹೆಬ್ಬೆರಳಿನಿಂದ ತಗ್ಗನ್ನು ಮುಚ್ಚಿಕೊಂಡೇ ಹಾಳೆ ಹಿಡಿದಿದ್ದ.
"ಎರಡು ಪ್ರಿಂಟ್ ಕೊಡಣ್ಣ. ಇದೊಂದು. ಇನ್ನೊಂದು ಆ ಗುಂಡಿ ಒತ್ತಿ.
ಅತ್ತಿಬೆಲೆ ಭಾವಮೈದನ ಹತ್ರ ಪಂದ್ಯ ಅದೆ."

ಜೂಜುವಾಡಿ. ಹೆಸರಿಟ್ಟವನು ಬಲ್ಲವನು.

ಕಾರ್ಖಾನೆಯಲ್ಲಿ ಎರಡು ಕುದುರೆ ಕಮ್ಮಿ ಬಂದರೂ
ಹಳದಿ ಚೀಟಿ ಅಂಟಿಸಿ ವಾಪಸು ಕಳಿಸುತ್ತಿದ್ದೆ.
ಒಂದೇ ಸಲ, ದೀಪಾವಳಿಯ ಹಿಂದಿನ ರಾತ್ರಿ,
ಬೋನಸ್ಸಿನ ಲೆಕ್ಕ ಮುಗಿಯಬೇಕಿದ್ದ ರಾತ್ರಿ, ಅಂಟಿಸಲಿಲ್ಲ.
ಆ ಲಾರಿ ಈಗ ಯಾವ ಘಾಟಿ ಹತ್ತುತ್ತಿದೆಯೋ.
ಹಿಂದಿನಿಂದ ಹಾರ್ನು ಬಂದಾಗೆಲ್ಲ ಅದೇ ಅನ್ನಿಸುತ್ತೆ,
ಅದೂ ಕೇಳದ ಕಿವಿಗೆ.

ಎರಡು ಪ್ರಿಂಟ್ ಕೊಟ್ಟೆ. ಎರಡರಲ್ಲೂ ಇನ್ನೂರ ಇಪ್ಪತ್ತೇಳು.
ಎರಡನೆಯದರ ಹಿಂಬದಿಗೆ ಪಂಪಿನ ಬೆಲೆ ಬರೆದಿದ್ದೆ.
ತಿರುಗಿಸಿ ನೋಡುವ ಅಭ್ಯಾಸದವನು,
ಅಷ್ಟು ಗೊತ್ತಿತ್ತು.